ಅಳಿಸುವ ಮೊದಲು ಒಮ್ಮೆ ಕೂತು ನೋಡಿ



ಭಾನುವಾರದ ಬಲಿಪೂಜೆ ಮುಗಿದು ಚರ್ಚಿನ ಅಂಗಳದಲ್ಲಿ ನಿಂತಾಗ ನನಗೆ ಹೆಚ್ಚಾಗಿ ಕೇಳಿಬರುವ ಮಾತು ನಮ್ಮ ಯುವ ಸಂಘಟನೆಯ ಕಾರ್ಯಕ್ರಮದ ಬಗ್ಗೆ ಅಲ್ಲ. “ಮಗಾ, ನಮ್ಮ ಕಂಪ್ಯೂಟರ್ ಭಾರೀ ಸ್ಲೋ ಆಗಿದೆ. ಒಮ್ಮೆ ಬಂದು ಕ್ಲೀನ್ ಮಾಡಿ ಕೊಡ್ತೀಯಾ?” ಎಂಬುದು. ನಾನು ಬಿ.ಎಸ್ಸಿ. ಮಾಡಿದ್ದು ರಸಾಯನಶಾಸ್ತ್ರದಲ್ಲಿ. ಆದರೆ ನಮ್ಮ ಕಡೆ ಹಿರಿಯರಿಗೆ ಬಿ.ಎಸ್ಸಿ. ಎಂದರೆ ಬಿ.ಎಸ್ಸಿ.ಯೇ. ಪ್ರಿಂಟರ್ ಸರಿ ಮಾಡುವುದು, ಮರೆತ ಪಾಸ್‌ವರ್ಡ್ ಹುಡುಕುವುದು, ಕಂಪ್ಯೂಟರ್ ಕ್ಲೀನ್ ಮಾಡುವುದು ಎಲ್ಲವೂ ಅದರ ಪಾಠದಲ್ಲೇ ಬರುತ್ತದೆ ಎಂದು ಅವರ ನಂಬಿಕೆ. ಇಲ್ಲ ಎನ್ನಲು ಮನಸ್ಸಾಗದೆ ನಾನೂ ಹೋಗುತ್ತೇನೆ. ಚಹಾ, ಬಿಸ್ಕತ್ತು ಮುಗಿಯುವುದರೊಳಗೆ ಕೆಲಸ ಆಗಬೇಕು ಎಂಬುದು ಅವರ ನಿರೀಕ್ಷೆ.

ಹೀಗೆ ಹಲವು ಮನೆಗಳಿಗೆ ಹೋಗಿ ಬಂದ ಮೇಲೆ ನನ್ನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಮನೆಯ ಕಂಪ್ಯೂಟರ್ ಕ್ಲೀನ್ ಮಾಡುವ ಕೆಲಸವನ್ನು ನಾವು ಯುವಕರು ತಲೆಕೆಳಗು ಮಾಡುತ್ತಿದ್ದೇವೆ. ಮೊದಲು ಅಳಿಸುತ್ತೇವೆ, ಆಮೇಲೆ ಏನು ಹೋಯಿತು ಎಂದು ಹುಡುಕುತ್ತೇವೆ. ಮೊದಲು ಉಳಿಸಬೇಕಾದ್ದನ್ನು ಎರಡು ಕಡೆ ಉಳಿಸಿ, ಮನೆಯವರ ಜೊತೆ ಕೂತು ಆರಿಸಿ, ಕೊನೆಗೆ ಅಳಿಸಬೇಕು. ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ, ನಮ್ಮ ಮನೆಯಲ್ಲೇ ತಪ್ಪು ಮಾಡಿ ಕಲಿತದ್ದು.

ಒಂದು ಟಿಕ್ ಗುರುತು

ನನ್ನ ಅಜ್ಜಿ ತೀರಿಕೊಂಡ ವರ್ಷ. ತಿಂಗಳ ಪೂಜೆಗೆ ನೆಂಟರೆಲ್ಲ ಮನೆಗೆ ಬರುವವರಿದ್ದರು. ಅದಕ್ಕೂ ಮೊದಲಿನ ಕ್ರಿಸ್ಮಸ್‌ಗೆ ಅಜ್ಜಿ ಅಡುಗೆಮನೆಯಲ್ಲಿ ಕುಸ್ವಾರಿಗೆ ನೆವ್ರಿ ಮಡಚುತ್ತ ಕೂತಿದ್ದಾಗ ನನ್ನ ಚಿಕ್ಕಮ್ಮನ ಮಗಳು ಒಂದು ವಿಡಿಯೊ ಮಾಡಿದ್ದಳು. ಸುಮಾರು ನಾಲ್ಕು ನಿಮಿಷದ್ದು. ಅಜ್ಜಿ ಕೊಂಕಣಿಯಲ್ಲಿ, ನಡುನಡುವೆ ತುಳುವಿನಲ್ಲಿ, ತನ್ನ ಮದುವೆಯ ದಿನ ಮಳೆ ಬಂದು ಚಪ್ಪರ ಬಿದ್ದ ಕಥೆ ಹೇಳುತ್ತಾರೆ. ಕೈ ಮಾತ್ರ ನಿಲ್ಲುವುದಿಲ್ಲ. ಆ ವಿಡಿಯೊ ನನಗೆ ವಾಟ್ಸ್‌ಆ್ಯಪಿನಲ್ಲಿ ಬಂದಿತ್ತು. ಫೋನಿನಲ್ಲಿ ಜಾಗ ಇರಲಿಲ್ಲ. ಕಂಪ್ಯೂಟರಿಗೆ ಇಳಿಸಿಕೊಂಡು ಫೋನಿನಿಂದ ತೆಗೆದಿದ್ದೆ.

ತಿಂಗಳ ಪೂಜೆಗೆ ಎರಡು ದಿನ ಮೊದಲು ಪಪ್ಪ, “ಕಂಪ್ಯೂಟರನ್ನು ಟಿವಿಗೆ ಜೋಡಿಸು, ಎಲ್ಲರೂ ಅಜ್ಜಿಯ ಫೋಟೊ ನೋಡಲಿ” ಎಂದರು. ಕಂಪ್ಯೂಟರಿನಲ್ಲಿ ಜಾಗ ತುಂಬಿದೆ ಎಂದು ಕೆಂಪು ಗೆರೆ ಬರುತ್ತಿತ್ತು. ನೆಂಟರ ಎದುರು ಅದು ನಿಧಾನವಾದರೆ ನನ್ನ ಮರ್ಯಾದೆ ಹೋಗುತ್ತದೆ ಎಂದು ನಾನು ಕ್ಲೀನ್ ಮಾಡಲು ಕೂತೆ. ವಿಂಡೋಸಿನ ಸೆಟ್ಟಿಂಗ್ಸ್ ಒಳಗೆ ಸಿಸ್ಟಮ್, ಅದರೊಳಗೆ ಸ್ಟೋರೇಜ್, ಅದರೊಳಗೆ ‘ಟೆಂಪರರಿ ಫೈಲ್ಸ್’ ಎಂಬ ಪಟ್ಟಿ ಇದೆಯಲ್ಲ, ಅದನ್ನು ತೆರೆದೆ. ಪಟ್ಟಿಯಲ್ಲಿದ್ದ ಎಲ್ಲದಕ್ಕೂ ಟಿಕ್ ಹಾಕಿ ರಿಮೂವ್ ಒತ್ತಿದೆ. ಎಷ್ಟೋ ಜಿಬಿ ಜಾಗ ಖಾಲಿಯಾಯಿತು. ಖುಷಿಯೂ ಆಯಿತು.

ಆ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಎಂಬ ಹೆಸರೂ ಇರುತ್ತದೆ. ಅದಕ್ಕೆ ಮೊದಲಿನಿಂದ ಟಿಕ್ ಇರುವುದಿಲ್ಲ. ಹಾಕಿದವನು ನಾನೇ. ಅಲ್ಲಿಂದ ಅಳಿಸಿದ್ದು ರಿಸೈಕಲ್ ಬಿನ್ನಿಗೆ ಹೋಗುವುದಿಲ್ಲ, ನೇರವಾಗಿ ಹೋಗಿಬಿಡುತ್ತದೆ. ಅಜ್ಜಿಯ ವಿಡಿಯೊ ಡೌನ್‌ಲೋಡ್ಸ್ ಫೋಲ್ಡರಿನಲ್ಲಿತ್ತು.

ಹಳೆಯ ಹಾರ್ಡ್ ಡಿಸ್ಕ್ ಆಗಿದ್ದರೆ ಒಂದು ಆಸೆ ಇರುತ್ತಿತ್ತು. ಅದರಲ್ಲಿ ಫೈಲ್ ಅಳಿಸಿದಾಗ ನಿಜವಾಗಿ ಅಳಿಯುವುದು ಫೈಲಿನ ವಿಳಾಸ ಮಾತ್ರ. ಆ ಜಾಗದ ಮೇಲೆ ಬೇರೆ ಏನಾದರೂ ಬರೆಯುವ ತನಕ ಮಾಹಿತಿ ಅಲ್ಲೇ ಇರುತ್ತದೆ. ತಕ್ಷಣ ಕಂಪ್ಯೂಟರ್ ಬಳಸುವುದನ್ನು ನಿಲ್ಲಿಸಿ ಫೋಟೊರೆಕ್ ಅಂಥ ಉಚಿತ ತಂತ್ರಾಂಶ ಓಡಿಸಿದರೆ ಎಷ್ಟೋ ಸಲ ಸಿಗುತ್ತದೆ. ಆದರೆ ಕೆಲವೇ ತಿಂಗಳ ಹಿಂದೆ ಕಂಪ್ಯೂಟರ್ ಫಾಸ್ಟ್ ಆಗಲಿ ಎಂದು ನಾನೇ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ್ದೆ. ಎಸ್‌ಎಸ್‌ಡಿಯಲ್ಲಿ ಫೈಲ್ ಅಳಿಸಿದ ಕೂಡಲೇ ‘ಆ ಜಾಗ ಇನ್ನು ಬೇಡ’ ಎಂದು ವಿಂಡೋಸ್ ಹೇಳುತ್ತದೆ, ಡಿಸ್ಕ್ ತಾನಾಗಿ ಅದನ್ನು ಒರೆಸಿಬಿಡುತ್ತದೆ. ಇದಕ್ಕೆ ಟ್ರಿಮ್ ಎನ್ನುತ್ತಾರೆ. ರಾತ್ರಿ ಎರಡು ಗಂಟೆಯ ತನಕ ಹುಡುಕಿದೆ. ಸಿಗಲಿಲ್ಲ. ತಂಗಿ ಫೋನ್ ಬದಲಾಯಿಸಿದ್ದಳು, ಅವಳ ಬಳಿಯೂ ಇರಲಿಲ್ಲ.

ಪಪ್ಪ ಬೈಯಲಿಲ್ಲ. “ಹೋಗಲಿ ಬಿಡು” ಎಂದರು. ಬೈದಿದ್ದರೆ ಚೆನ್ನಾಗಿತ್ತು ಅಂತ ಈಗಲೂ ಅನಿಸುತ್ತದೆ.

ನಮ್ಮ ಮನೆಗಳಲ್ಲಿ ಇಷ್ಟೆಲ್ಲ ತುಂಬಿದ್ದು ಹೇಗೆ?

ಕಾಸರಗೋಡಿನ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಕಂಪ್ಯೂಟರ್ ಬಂದದ್ದು 2020ರಲ್ಲಿ. ಆ ವರ್ಷ ಜೂನ್ 1ರಂದು ಕೈಟ್ ವಿಕ್ಟರ್ಸ್ ವಾಹಿನಿಯಲ್ಲಿ ‘ಫಸ್ಟ್ ಬೆಲ್’ ಪಾಠ ಶುರುವಾಯಿತು. ಕೊಲ್ಲಿಯಲ್ಲಿದ್ದ ಅಣ್ಣನೋ ಮಾವನೋ ಹಣ ಕಳುಹಿಸಿದರು, ಹಳೆಯದೋ ಹೊಸದೋ ಒಂದು ಕಂಪ್ಯೂಟರ್ ಬಂತು. ಪಾಠ ಮುಗಿಯಿತು, ಕಂಪ್ಯೂಟರ್ ಉಳಿಯಿತು. ಆಮೇಲೆ ಅದು ಮನೆಯ ಕಪಾಟು ಆಯಿತು. ಮಕ್ಕಳ ನೋಟ್ಸ್, ಪಿಎಸ್‌ಸಿ ಹಾಲ್ ಟಿಕೆಟ್, ಅಕ್ಷಯ ಕೇಂದ್ರದವರು ಕಳುಹಿಸಿದ ಪಿಡಿಎಫ್, ಭೂ ತೆರಿಗೆಯ ರಶೀದಿ, ರೇಷನ್ ಕಾರ್ಡಿನ ಪ್ರತಿ, ಯಾರದೋ ರೋಸ್ ಕಾರ್ಯಕ್ರಮದ ಎಂಟುನೂರು ಫೋಟೊ, ಇಪ್ಪತ್ತು ಸಿನಿಮಾ, ದಿನಕ್ಕೆ ಹತ್ತರಂತೆ ಗುಡ್ ಮಾರ್ನಿಂಗ್ ಚಿತ್ರ. ಕೆಲವು ಕನ್ನಡದಲ್ಲಿ, ಕೆಲವು ಮಲಯಾಳದಲ್ಲಿ, ಕೆಲವು ಇಂಗ್ಲಿಷಿನಲ್ಲಿ. ಹೆಸರು ಮಾತ್ರ ಎಲ್ಲದಕ್ಕೂ ಒಂದೇ ಥರ: ಡಾಕ್ಯುಮೆಂಟ್ 1, ಡಾಕ್ಯುಮೆಂಟ್ 2, ಸ್ಕ್ಯಾನ್ 0047.

ಈ ರಾಶಿಯನ್ನು ಕಂಡ ಕೂಡಲೇ ನಮಗೆ ಅನಿಸುವುದು, ‘ಇದೆಲ್ಲ ತುಂಬಿದ್ದಕ್ಕೇ ಸ್ಲೋ ಆಗಿದೆ’ ಎಂದು. ಅದು ಅರ್ಧ ಸತ್ಯ. ಸಿ ಡ್ರೈವ್ ಕಂಠಮಟ್ಟ ತುಂಬಿದರೆ ವಿಂಡೋಸಿಗೆ ಉಸಿರಾಡಲು ಜಾಗ ಇರುವುದಿಲ್ಲ, ನಿಜ. ಐದರಲ್ಲಿ ಒಂದು ಪಾಲು ಖಾಲಿ ಇದ್ದರೆ ಒಳ್ಳೆಯದು. ಆದರೆ ಅಷ್ಟು ಖಾಲಿ ಇದ್ದ ಮೇಲೂ ಕಂಪ್ಯೂಟರ್ ನಿಧಾನ ಎಂದರೆ ಅದಕ್ಕೆ ಅಜ್ಜಿಯ ಫೋಟೊ ಕಾರಣ ಅಲ್ಲ. ಫೋಟೊ ಸುಮ್ಮನೆ ಕೂತಿರುತ್ತದೆ, ಅದು ಕಂಪ್ಯೂಟರಿನ ಶಕ್ತಿ ತಿನ್ನುವುದಿಲ್ಲ. ಜಾಗದ ಲೆಕ್ಕವನ್ನೇ ನೋಡಿ. 1.5 ಜಿಬಿಯ ಒಂದು ಸಿನಿಮಾ ತೆಗೆದರೆ 3 ಎಂಬಿಯ 500 ಫೋಟೊಗಳ ಜಾಗ ಸಿಗುತ್ತದೆ. ನಾಲ್ಕು ಸಲ ನೋಡಿದ ಸಿನಿಮಾವನ್ನು ಇಟ್ಟುಕೊಂಡು ಅಮ್ಮನ ಹಳೆಯ ಫೋಟೊ ಅಳಿಸುವವರನ್ನು ನಾನು ನೋಡಿದ್ದೇನೆ.

ನಿಧಾನಕ್ಕೆ ನಿಜವಾದ ಕಾರಣಗಳು

ನಾನು ಹೋದ ಮನೆಗಳಲ್ಲಿ ಹೆಚ್ಚಾಗಿ ಕಂಡದ್ದು ನಾಲ್ಕು ಕಾರಣ.

ಮೊದಲನೆಯದು, ಕಂಪ್ಯೂಟರ್ ಆನ್ ಆದ ಕೂಡಲೇ ತಾವೂ ಏಳುವ ತಂತ್ರಾಂಶಗಳು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ‘ಸ್ಟಾರ್ಟಪ್’ ನೋಡಿ. ಯಾವಾಗಲೋ ಒಮ್ಮೆ ಬಳಸಿದ ಮೀಟಿಂಗ್ ಆ್ಯಪು, ಮಾರಿಹೋದ ಪ್ರಿಂಟರಿನ ತಂತ್ರಾಂಶ, ಎರಡೆರಡು ಆಂಟಿವೈರಸ್ ಎಲ್ಲ ಅಲ್ಲಿ ಸಾಲಾಗಿ ನಿಂತಿರುತ್ತವೆ. ಬೇಡವಾದ್ದನ್ನು ‘ಡಿಸೇಬಲ್’ ಮಾಡಿದರೆ ಸಾಕು. ಏನೂ ಅಳಿಯುವುದಿಲ್ಲ, ಬೇಕಾದರೆ ಮತ್ತೆ ಶುರು ಮಾಡಬಹುದು. ಆಂಟಿವೈರಸ್ ಎರಡಿದ್ದರೆ ಒಂದನ್ನೊಂದು ಕಾಯುತ್ತ ಕಂಪ್ಯೂಟರನ್ನು ಸುಸ್ತು ಮಾಡುತ್ತವೆ. ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಮೊದಲೇ ಇರುತ್ತದೆ, ಮನೆಯ ಬಳಕೆಗೆ ಅದೇ ಸಾಕು.

ಎರಡನೆಯದು, ಮೂಲೆಯಲ್ಲಿ ಧುತ್ತೆಂದು ಬರುವ ‘ನಿಮ್ಮ ಕಂಪ್ಯೂಟರಿನಲ್ಲಿ ಐದು ವೈರಸ್ ಇದೆ’ ಎಂಬ ಎಚ್ಚರಿಕೆ. ಇದನ್ನು ಕಂಡು ಹೆದರಿ ಹಣ ಕಟ್ಟಿದವರಿದ್ದಾರೆ. ಬಹಳಷ್ಟು ಸಲ ಅದು ವೈರಸ್ ಅಲ್ಲವೇ ಅಲ್ಲ. ಯಾವುದೋ ವೆಬ್‌ಸೈಟ್ ‘ನೋಟಿಫಿಕೇಶನ್ ಕಳುಹಿಸಲೇ?’ ಎಂದು ಕೇಳಿದಾಗ ನಾವು ‘ಅಲೋ’ ಒತ್ತಿರುತ್ತೇವೆ, ಅಷ್ಟೇ. ಬ್ರೌಸರಿನ ಸೆಟ್ಟಿಂಗ್ಸಿಗೆ ಹೋಗಿ ನೋಟಿಫಿಕೇಶನ್ ಪಟ್ಟಿಯಿಂದ ಆ ಸೈಟನ್ನು ತೆಗೆದರೆ ಐದೂ ವೈರಸ್ ಮಾಯ.

ಮೂರನೆಯದು, ಹಳೆಯ ಹಾರ್ಡ್ ಡಿಸ್ಕ್ ಮತ್ತು ಕಡಿಮೆ ರ‍್ಯಾಮ್. ಇವತ್ತಿನ ವಿಂಡೋಸ್ 4 ಜಿಬಿ ರ‍್ಯಾಮಿನಲ್ಲಿ ಏದುಸಿರು ಬಿಡುತ್ತದೆ. ರ‍್ಯಾಮ್ 8 ಜಿಬಿ ಮಾಡಿ, ಹಾರ್ಡ್ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಹಾಕಿದರೆ ಎಂಟು ಹತ್ತು ವರ್ಷ ಹಳೆಯ ಯಂತ್ರವೂ ಎದ್ದು ಓಡುತ್ತದೆ. ಹೊಸ ಕಂಪ್ಯೂಟರಿನ ಬೆಲೆಯ ಸಣ್ಣ ಪಾಲಿನಲ್ಲಿ ಇದು ಮುಗಿಯುತ್ತದೆ. ತೆಗೆದ ಹಾರ್ಡ್ ಡಿಸ್ಕನ್ನು ಎಸೆಯಬೇಡಿ. ಅದು ನಿಮ್ಮ ಹಳೆಯ ಫೈಲುಗಳ ಒಂದು ಪ್ರತಿ. ನಾನು ಅದನ್ನು ಮಾರಿದ್ದೆ.

ನಾಲ್ಕನೆಯದು, ನಮ್ಮ ಹವೆ. ಕರಾವಳಿಯ ಉಪ್ಪು ಗಾಳಿ, ಜೂನಿನಿಂದ ತಿಂಗಳುಗಟ್ಟಲೆ ತೇವ, ಅದರ ಮೇಲೆ ಇರುವೆ, ಹಲ್ಲಿ. ಸಿಪಿಯು ಡಬ್ಬಿ ಬಿಚ್ಚಿದರೆ ಫ್ಯಾನಿನ ಮೇಲೆ ಕಂಬಳಿಯಂತೆ ಧೂಳು ಕೂತಿರುತ್ತದೆ. ಬಿಸಿ ಹೊರಗೆ ಹೋಗದಿದ್ದರೆ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ. ಆಫ್ ಮಾಡಿ, ಪ್ಲಗ್ ತೆಗೆದು, ಅಂಗಳಕ್ಕೆ ಕೊಂಡುಹೋಗಿ ಮೆತ್ತನೆಯ ಬ್ರಶ್ಶಿನಿಂದ ಧೂಳು ಬಿಡಿಸಿ. ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡೇ ಗಾಳಿ ಊದಿ, ಅದು ರಭಸದಿಂದ ತಿರುಗಬಾರದು. ಮಳೆಗಾಲದಲ್ಲಿ ಗುಡುಗು ಶುರುವಾದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೂ ಇಂಟರ್ನೆಟ್ ಕೇಬಲನ್ನೂ ಕಿತ್ತಿಡಿ.

ಇನ್ನೊಂದು ಸಣ್ಣ ವಿಷಯ. ಪ್ರತಿ ಸಲ ಆನ್ ಮಾಡಿದಾಗ ಗಡಿಯಾರ ಹಳೆಯ ವರ್ಷಕ್ಕೆ ಹೋಗಿರುತ್ತದೆ, ಯಾವ ವೆಬ್‌ಸೈಟೂ ತೆರೆಯುವುದಿಲ್ಲ, ‘ಸುರಕ್ಷಿತವಲ್ಲ’ ಎಂದು ಹೇಳುತ್ತದೆ. ಮನೆಯವರು ವೈರಸ್ ಎಂದುಕೊಳ್ಳುತ್ತಾರೆ. ಹೆಚ್ಚಾಗಿ ಅದು ಮದರ್‌ಬೋರ್ಡಿನಲ್ಲಿರುವ ನಾಣ್ಯದಂಥ ಬ್ಯಾಟರಿ ಮುಗಿದದ್ದು. ಸಿಆರ್2032 ಎಂದು ಕೇಳಿದರೆ ವಾಚ್ ಅಂಗಡಿಯಲ್ಲೂ ಸಿಗುತ್ತದೆ.

ಈ ನಾಲ್ಕರಲ್ಲಿ ಯಾವುದಕ್ಕೂ ಒಂದೇ ಒಂದು ಕುಟುಂಬದ ಫೈಲ್ ಅಳಿಸಬೇಕಾಗಿಲ್ಲ ಎಂಬುದನ್ನು ಗಮನಿಸಿ.

‘ಫಾರ್ಮ್ಯಾಟ್ ಹೊಡೆಯುವ’ ಚಟ

ಆದರೂ ನಮ್ಮಲ್ಲಿ ಎಲ್ಲ ಕಾಯಿಲೆಗೂ ಒಂದೇ ಮದ್ದು: ಫಾರ್ಮ್ಯಾಟ್. ಅಂಗಡಿಗೆ ಕೊಂಡುಹೋಗುತ್ತೇವೆ. “ಡಾಟಾ ಏನಾದ್ರೂ ಬೇಕಾ?” ಎಂದು ಕೇಳುತ್ತಾರೆ. “ಎಲ್ಲ ಡಿ ಡ್ರೈವಿನಲ್ಲಿದೆ, ಸಿ ತೆಗೀರಿ” ಎನ್ನುತ್ತೇವೆ. ಡೆಸ್ಕ್‌ಟಾಪಿನ ಮೇಲೆ ಇಟ್ಟದ್ದು, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಲ್ಲವೂ ಸಾಮಾನ್ಯವಾಗಿ ಸಿ ಡ್ರೈವಿನೊಳಗೇ ಇರುವುದು ಎಂದು ಅಪ್ಪನಿಗೆ ಗೊತ್ತಿರುವುದಿಲ್ಲ. ಗೊತ್ತಿರುವ ಮಗ ಜೊತೆಗೆ ಹೋಗಿರುವುದಿಲ್ಲ. ಅಂಗಡಿಯವರನ್ನು ದೂರಿ ಫಲವಿಲ್ಲ, ಅವರು ನಾವು ಹೇಳಿದ್ದನ್ನೇ ಮಾಡಿದರು. ಇನ್ನು ಸಿ ಮತ್ತು ಡಿ ಎರಡೂ ಒಂದೇ ಡಿಸ್ಕಿನ ಎರಡು ಕೋಣೆಗಳು. ಮನೆಗೇ ಸಿಡಿಲು ಬಡಿದರೆ ಯಾವ ಕೋಣೆಯಲ್ಲಿ ಇಟ್ಟರೇನು? ಡಿಯಲ್ಲಿ ಇಟ್ಟದ್ದನ್ನು ಬ್ಯಾಕಪ್ ಎಂದು ಕರೆಯಲಾಗದು.

ಇದಕ್ಕೆ ಕನ್ನಡದವರಾದ ನಮಗೆ ಇನ್ನೊಂದು ತೊಡಕಿದೆ. ಹಳೆಯ ಕಂಪ್ಯೂಟರುಗಳಲ್ಲಿ ನುಡಿ ಅಥವಾ ಬರಹ ಅಕ್ಷರಗಳಲ್ಲಿ ಟೈಪ್ ಮಾಡಿದ ಕಡತಗಳಿವೆ. ಸಂಘದ ವರದಿ, ನಾಟಕದ ಪ್ರತಿ, ಮದುವೆಯ ಕರೆಯೋಲೆ, ಯಾರೋ ಅಜ್ಜ ಬರೆಸಿದ ಮನೆತನದ ಕಥೆ. ಅವುಗಳಲ್ಲಿ ಬಹಳಷ್ಟು ಯುನಿಕೋಡಿನಲ್ಲಿ ಇಲ್ಲ, ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ವೇಷ ತೊಡಿಸಿದಂಥ ಹಳೆಯ ಫಾಂಟಿನಲ್ಲಿ ಇವೆ. ಫಾರ್ಮ್ಯಾಟ್ ಮಾಡಿದಾಗ ಫಾಂಟ್ ಹೋಗುತ್ತದೆ. ಆಮೇಲೆ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು. ‘ವೈರಸ್ ಹಿಡಿದಿದೆ’ ಎಂದು ಅದನ್ನು ಅಳಿಸಿದವರನ್ನು ನಾನು ಬಲ್ಲೆ. ಕಡತಕ್ಕೆ ಏನೂ ಆಗಿರಲಿಲ್ಲ, ಫಾಂಟ್ ಹಾಕಿದ್ದರೆ ಓದಬಹುದಿತ್ತು. ಅಂಥ ಕಡತ ಸಿಕ್ಕಿದರೆ ಅಳಿಸಬೇಡಿ. ಫಾಂಟ್ ಮತ್ತೆ ಹಾಕಿ ತೆರೆಯಿರಿ, ಯುನಿಕೋಡಿಗೆ ಬದಲಾಯಿಸಿ ಉಳಿಸಿ. ಬದಲಾಯಿಸುವ ಉಚಿತ ಸಾಧನಗಳು ಇಂಟರ್ನೆಟ್ಟಿನಲ್ಲಿ ಸಿಗುತ್ತವೆ. ಒತ್ತಕ್ಷರಗಳು ಒಮ್ಮೊಮ್ಮೆ ತಪ್ಪುತ್ತವೆ, ಓದಿ ತಿದ್ದಬೇಕು. ಜೊತೆಗೆ ಒಂದು ಪಿಡಿಎಫ್ ಮಾಡಿಡಿ. ಗಡಿಯ ಈಚೆ ಕನ್ನಡ ಉಳಿಯಲಿ ಎಂದು ನಾವು ಸಭೆಗಳಲ್ಲಿ ಬಹಳ ಮಾತಾಡುತ್ತೇವೆ. ನಮ್ಮ ಮನೆಯ ಕಂಪ್ಯೂಟರಿನಲ್ಲೇ ಇರುವ ಕನ್ನಡವನ್ನು ಮೊದಲು ಉಳಿಸೋಣ.

ಫಾರ್ಮ್ಯಾಟಿನಷ್ಟೇ ನನಗೆ ನಂಬಿಕೆಯಿಲ್ಲದ್ದು ‘ಒಂದೇ ಕ್ಲಿಕ್ಕಿನಲ್ಲಿ ಕಂಪ್ಯೂಟರ್ ಸ್ವಚ್ಛ’ ಎನ್ನುವ ತಂತ್ರಾಂಶಗಳ ಮೇಲೆ. ಅವು ಮಾಡುವ ಮುಖ್ಯ ಕೆಲಸವನ್ನೆಲ್ಲ ವಿಂಡೋಸೇ ಮಾಡುತ್ತದೆ. ರಿಜಿಸ್ಟ್ರಿ ಕ್ಲೀನರುಗಳಿಗೆ ತನ್ನ ಬೆಂಬಲವಿಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. 2017ರಲ್ಲಿ ಜಗತ್ತಿನಾದ್ಯಂತ ಹೆಸರಾಗಿದ್ದ ಸಿಕ್ಲೀನರ್ ತಂತ್ರಾಂಶದ 5.33ನೇ ಆವೃತ್ತಿಯೊಳಗೇ ಕಿಡಿಗೇಡಿಗಳು ಮಾಲ್‌ವೇರ್ ಸೇರಿಸಿದ್ದು ಬಯಲಾಗಿತ್ತು. ಅದನ್ನು ಕಂಪನಿಯ ಅಧಿಕೃತ ಜಾಲತಾಣದಿಂದಲೇ ಇಳಿಸಿಕೊಂಡವರಿಗೂ ಅದು ತಗಲಿತ್ತು. ಗುಡಿಸಲು ಕರೆದವನೇ ಕಸ ತಂದು ಹಾಕಿದ ಹಾಗೆ.

ಹಾಗಾದರೆ ಹೇಗೆ ಮಾಡಬೇಕು?

ಈಗ ನಾನು ಯಾರ ಮನೆಗೆ ಹೋದರೂ ಮೊದಲ ದಿನ ಏನನ್ನೂ ಅಳಿಸುವುದಿಲ್ಲ. ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ವಿಡಿಯೋಸ್ ಮತ್ತು ಇಡೀ ಡಿ ಡ್ರೈವನ್ನು ಇದ್ದ ಹಾಗೇ ಕಾಪಿ ಮಾಡುತ್ತೇನೆ. ಕಾಪಿ ಆದ ಮೇಲೆ ಅಲ್ಲಿಂದಲೇ ನಾಲ್ಕೈದು ಫೈಲ್ ತೆರೆದು ನೋಡುತ್ತೇನೆ. ತೆರೆಯದ ಕಾಪಿ ಕಾಪಿಯಲ್ಲ.

ಎರಡನೇ ದಿನ ಮನೆಯ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಇದು ಎಲ್ಲಕ್ಕಿಂತ ಮುಖ್ಯ. ಯಾವುದು ಬೇಕು ಎಂದು ನನಗೆ ತಿಳಿಯುವುದಿಲ್ಲ, ಅವರಿಗೆ ತಿಳಿಯುತ್ತದೆ. ಒಮ್ಮೆ ಒಂದು ಮನೆಯಲ್ಲಿ ಮಸುಕಾದ, ವಾರೆಯಾದ ಒಂದು ಫೋಟೊ ಬಂತು. ನಾನು ಡಿಲೀಟ್ ಒತ್ತಬೇಕು ಎನ್ನುವಾಗ ಆಂಟಿ ನನ್ನ ಕೈ ಹಿಡಿದರು. “ಅದು ನನ್ನ ಅಣ್ಣ ಮಸ್ಕತ್ತಿಗೆ ಹೊರಟ ದಿನ. ಆಮೇಲೆ ಅವನು ಬರಲೇ ಇಲ್ಲ” ಎಂದರು. ಯಾವ ಕ್ಲೀನರ್ ತಂತ್ರಾಂಶಕ್ಕೆ ಅದು ಗೊತ್ತಾಗುತ್ತದೆ?

ನಾಲ್ಕೇ ಫೋಲ್ಡರ್ ಸಾಕು: ‘ಕುಟುಂಬ’, ‘ದಾಖಲೆ’, ‘ಓದು’, ‘ನೋಡಬೇಕು’. ಫೋಟೊ, ವಿಡಿಯೊ, ಧ್ವನಿ ಎಲ್ಲ ಕುಟುಂಬಕ್ಕೆ, ವರ್ಷದ ಪ್ರಕಾರ. ಜಾಗದ ಪತ್ರ, ತೆರಿಗೆ ರಶೀದಿ, ಸರ್ಟಿಫಿಕೇಟ್ ಎಲ್ಲ ದಾಖಲೆಗೆ. ಹೆಸರಿನ ಮೊದಲು ವರ್ಷ ಬರೆದರೆ ತಾವಾಗಿ ಸಾಲಾಗಿ ನಿಲ್ಲುತ್ತವೆ. ‘2024 ಭೂ ತೆರಿಗೆ ರಶೀದಿ’ ಎಂದು ಕನ್ನಡದಲ್ಲೇ ಹೆಸರಿಡಿ, ಅಮ್ಮನಿಗೂ ಹುಡುಕಲು ಬರುತ್ತದೆ. ಏನೆಂದು ಗೊತ್ತಾಗದ್ದು ‘ನೋಡಬೇಕು’ ಫೋಲ್ಡರಿಗೆ, ಆರು ತಿಂಗಳ ನಂತರ ಮತ್ತೆ ನೋಡಿದರಾಯಿತು.

ಇಷ್ಟಾದ ಮೇಲೆ ಅಳಿಸಿ. ಧಾರಾಳವಾಗಿ ಅಳಿಸಿ. ಸಿನಿಮಾ, ಇನ್‌ಸ್ಟಾಲ್ ಆದ ತಂತ್ರಾಂಶಗಳ ಸೆಟಪ್ ಫೈಲ್, ಗುಡ್ ಮಾರ್ನಿಂಗ್, ಎರಡೆರಡು ಪ್ರತಿಗಳು. ವಿನ್‌ಡರ್‌ಸ್ಟಾಟ್ ಎಂಬ ಉಚಿತ ತಂತ್ರಾಂಶ ಯಾವ ಫೈಲ್ ಎಷ್ಟು ಜಾಗ ತಿನ್ನುತ್ತದೆ ಎಂದು ಬಣ್ಣದ ಚೌಕಗಳಲ್ಲಿ ತೋರಿಸುತ್ತದೆ. ಕೊನೆಗೆ ವಿಂಡೋಸಿನ ಟೆಂಪರರಿ ಫೈಲ್ಸ್ ಪಟ್ಟಿ. ಅಲ್ಲಿ ಡೌನ್‌ಲೋಡ್ಸಿಗೆ ಟಿಕ್ ಇಲ್ಲ ಎಂದು ಎರಡು ಸಲ ನೋಡಿ.

ಅಳಿಸಲೇಬೇಕಾದ ಒಂದು ವರ್ಗವಿದೆ, ಅದನ್ನು ಮಾತ್ರ ನಾವು ಮರೆಯುತ್ತೇವೆ. ಪ್ರಿಂಟರ್ ಇರುವ ಮನೆಗೆ ನೆರೆಹೊರೆಯವರು ಪ್ರಿಂಟ್ ತೆಗೆಯಲು ಬರುತ್ತಾರೆ. ಅವರ ಆಧಾರ್, ಬ್ಯಾಂಕ್ ಪಾಸ್‌ಬುಕ್, ಆಸ್ಪತ್ರೆಯ ವರದಿ ನಮ್ಮ ಡೌನ್‌ಲೋಡ್ಸಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅದು ನಮ್ಮದಲ್ಲ. ಪ್ರಿಂಟ್ ಆದ ದಿನವೇ ತೆಗೆಯಬೇಕು. ಹಾಗೆಯೇ ಬೇರೆಯವರ ಮನೆಯ ಕಂಪ್ಯೂಟರ್ ಸರಿಮಾಡಲು ಹೋದಾಗ ಕಣ್ಣಿಗೆ ಬಿದ್ದದ್ದನ್ನು ಅಲ್ಲೇ ಬಿಟ್ಟು ಬರುವುದೂ ಕಲಿಯಬೇಕು. ಕಂಪ್ಯೂಟರ್ ಮಾರುವಾಗ ಅಥವಾ ಗುಜರಿಗೆ ಹಾಕುವಾಗ ಡಿಸ್ಕನ್ನು ಬಿಚ್ಚಿ ಇಟ್ಟುಕೊಳ್ಳಿ. ಹಾರ್ಡ್ ಡಿಸ್ಕಿನಲ್ಲಿ ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಮಾಹಿತಿ ಹೊರತೆಗೆಯಲು ಬರುತ್ತದೆ ಎಂದು ಆಗಲೇ ಹೇಳಿದೆನಲ್ಲ. ಬೇಕೆಂದು ಹುಡುಕಿದ್ದು ಸಿಗಲಿಲ್ಲ, ಬೇಡವೆಂದು ಬಿಟ್ಟದ್ದು ಯಾರದೋ ಕೈಗೆ ಸಿಕ್ಕಿತು ಎಂದಾಗಬಾರದು.

“ಎಲ್ಲ ಫೋನಿನಲ್ಲಿದೆಯಲ್ಲ?”

ಇದನ್ನು ಹೇಳಿದಾಗ ಗೆಳೆಯರು ಎತ್ತುವ ಪ್ರಶ್ನೆಗಳಿವೆ. ಒಂದು, ಈಗ ಎಲ್ಲವೂ ಫೋನಿನಲ್ಲಿ, ಕ್ಲೌಡಿನಲ್ಲಿ ಇರುತ್ತದೆ, ಇಷ್ಟು ತಲೆನೋವು ಯಾಕೆ? ಫೋನ್ ಬಾವಿಗೆ ಬೀಳುತ್ತದೆ, ಬಸ್ಸಿನಲ್ಲಿ ಉಳಿಯುತ್ತದೆ. ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ, ಅದರಲ್ಲೇ ಜಿಮೇಲ್, ಡ್ರೈವ್, ಫೋಟೊ ಮೂರೂ ಸೇರಬೇಕು. ಮಿತಿಯಿಲ್ಲದೆ ಫೋಟೊ ಇಡುವ ಸೌಲಭ್ಯ 2021ರ ಜೂನ್ 1ಕ್ಕೆ ಮುಗಿದಿದೆ. ಕ್ಲೌಡ್ ಬೇಡ ಎನ್ನುತ್ತಿಲ್ಲ, ಅದು ಒಂದು ಪ್ರತಿ ಆಗಲಿ. ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕರು ಪ್ರಚಾರಕ್ಕೆ ತಂದ ಮೂರು-ಎರಡು-ಒಂದು ಎಂಬ ಸೂತ್ರವಿದೆ. ಒಟ್ಟು ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನದಲ್ಲಿ, ಒಂದು ಮನೆಯಿಂದ ಹೊರಗೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಕಂಪ್ಯೂಟರಿನಲ್ಲಿ ಒಂದು, ಕಪಾಟಿನ ಡಿಸ್ಕಿನಲ್ಲಿ ಒಂದು, ಅಕ್ಕನ ಮನೆಯಲ್ಲೋ ಕ್ಲೌಡಿನಲ್ಲೋ ಇನ್ನೊಂದು.

ಎರಡು, ಹಳೆಯದಾಯಿತು, ಹೊಸದು ತೆಗೆದುಕೊಂಡರೆ ಆಗದೇ? ಈ ಮಾತಿನಲ್ಲಿ ಸ್ವಲ್ಪ ನಿಜ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಬಹಳಷ್ಟು ಯಂತ್ರಗಳು ವಿಂಡೋಸ್ 11ಕ್ಕೆ ಹೊಂದುವುದಿಲ್ಲ. ಸುರಕ್ಷತೆಯ ಅಪ್‌ಡೇಟ್ ಬಾರದ ಕಂಪ್ಯೂಟರಿನಲ್ಲಿ ಬ್ಯಾಂಕಿನ ಕೆಲಸ ಮಾಡಬಾರದು. ಆದರೆ ನಮ್ಮ ಕಡೆಯ ಮಕ್ಕಳಿಗೆ ಇನ್ನೊಂದು ದಾರಿ ಶಾಲೆಯಲ್ಲೇ ಗೊತ್ತು. ಕೇರಳದ ಸರಕಾರಿ, ಅನುದಾನಿತ ಶಾಲೆಗಳಲ್ಲಿ ಐಟಿ ಪಾಠ ಕಲಿಸುವುದು ಲಿನಕ್ಸಿನಲ್ಲಿ. ಕೈಟ್ ಸಂಸ್ಥೆಯ ಜಿಎನ್‌ಯು/ಲಿನಕ್ಸನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ವಿಂಡೋಸ್ ಬಿಟ್ಟುಹೋದ ಯಂತ್ರಕ್ಕೆ ಅದನ್ನು ಹಾಕಿದರೆ ಬ್ರೌಸರ್, ಪತ್ರ ಬರೆಯುವುದು, ಫೋಟೊ ನೋಡುವುದಕ್ಕೆ ಏನೂ ಕೊರತೆಯಿಲ್ಲ. ನಿಮ್ಮ ಎಂಟನೇ ತರಗತಿಯ ತಂಗಿಯೇ ನಿಮಗೆ ಹೇಳಿಕೊಡುತ್ತಾಳೆ. ಹಾಕುವ ಮೊದಲು ಮಾತ್ರ ಮೇಲೆ ಹೇಳಿದ ಕಾಪಿ ಮರೆಯಬೇಡಿ.

ಮೂರು, ಸಮಯ ಎಲ್ಲಿದೆ? ಮೊದಲ ಸಲ ಎರಡು ದಿನ ಬೇಕು, ಒಪ್ಪುತ್ತೇನೆ. ಆಮೇಲೆ ತಿಂಗಳಿಗೆ ಒಂದು ಗಂಟೆ ಸಾಕು. ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ಡೌನ್‌ಲೋಡ್ಸ್ ಫೋಲ್ಡರ್ ತೆರೆದು ಆರಿಸಿ, ಡಿಸ್ಕಿಗೆ ಕಾಪಿ ಮಾಡಿ, ಅಪ್‌ಡೇಟ್ ಹಾಕಿ ಮುಚ್ಚುವುದು. ರೀಲ್ಸ್ ನೋಡುತ್ತ ನಾವು ಕಳೆಯುವ ಭಾನುವಾರದ ಮಧ್ಯಾಹ್ನದಲ್ಲಿ ಇದಕ್ಕೆ ಜಾಗ ಇದೆ.

ಒಂದು ಪ್ರಸ್ತಾಪ

ನಮ್ಮ ಘಟಕದ ಮುಂದಿನ ಸಭೆಯಲ್ಲಿ ನಾನು ಇದನ್ನು ಇಡಲಿದ್ದೇನೆ. ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಇಬ್ಬಿಬ್ಬರಂತೆ ನಮ್ಮ ವಾರ್ಡಿನ ಮನೆಗಳಿಗೆ ಹೋಗೋಣ. ಮಕ್ಕಳು ಹೊರದೇಶದಲ್ಲಿದ್ದು ಹಿರಿಯರಷ್ಟೇ ಇರುವ ಮನೆಗಳಿಗೆ ಮೊದಲು. ಕೈಯಲ್ಲಿ ಒಂದು ಬ್ರಶ್, ಒಂದು ಖಾಲಿ ಡಿಸ್ಕ್, ಒಂದೆರಡು ಗಡಿಯಾರದ ಬ್ಯಾಟರಿ. ಅವರೇ ಪಕ್ಕದಲ್ಲಿ ಕೂತು ಹೇಳಲಿ, ನಾವು ಕೇಳಿ ಹೆಸರು ಬರೆಯೋಣ. ಯಾರ ಮದುವೆ, ಯಾವ ವರ್ಷ, ಪಕ್ಕದಲ್ಲಿ ನಿಂತವರು ಯಾರು. ಈ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಇರುವಾಗಲೇ ಕೇಳಬೇಕು.

ಅದಕ್ಕಿಂತ ಮೊದಲು ನಿಮ್ಮ ಮನೆಯಲ್ಲಿ ಈ ವಾರ ಒಂದು ಸಣ್ಣ ಕೆಲಸ ಮಾಡಿ. ಡೌನ್‌ಲೋಡ್ಸ್ ಫೋಲ್ಡರ್ ತೆರೆದು ಮನೆಯ ಹಿರಿಯರ ಒಂದು ವಿಡಿಯೊ ಇದೆಯೇ ನೋಡಿ. ಇದ್ದರೆ ಇನ್ನೊಂದು ಕಡೆಗೆ ಕಾಪಿ ಮಾಡಿ. ಇಲ್ಲದಿದ್ದರೆ ಫೋನ್ ಹಿಡಿದುಕೊಂಡು ಅಡುಗೆಮನೆಗೆ ಹೋಗಿ.

ನಮ್ಮ ಅಜ್ಜಿಯ ಚಪ್ಪರ ಬಿದ್ದ ಕಥೆಯನ್ನು ಈಗ ಪಪ್ಪ ಹೇಳುತ್ತಾರೆ. ಕಳೆದ ಕ್ರಿಸ್ಮಸ್‌ಗೆ ಅದನ್ನು ರೆಕಾರ್ಡ್ ಮಾಡಿದೆ. ಮೂರು ಕಡೆ ಇಟ್ಟಿದ್ದೇನೆ.